ಮಾವ ಅಲ್ಲಾಡಿಸಿ ನೋಡಿದ ಕೊರಿಯಾ ಊಟ

ನಮ್ಮ ಸೋದರಮಾವನಿಗೆ ದೇವರು ಕಿವಿ ಕೊಟ್ಟಿರುವುದು ಕೇಳುವುದಕ್ಕಲ್ಲ! ಆತ ಯಾರ ಮಾತನ್ನಾದರೂ ಕೇಳಿದ್ದನ್ನು ನೀವು ಕಂಡಿದ್ದರೆ ಹೇಳಿ, ಅರ್ಧ ಮೀಸೆ ಬೋಳಿಸಿಕೊಳ್ಳುತ್ತೇನೆ. ಆ ಕಿವಿಗಳಿರುವುದು ಸಾಮಾನುಗಳನ್ನು ಅಲ್ಲಾಡಿಸಿ ನೋಡುವುದಕ್ಕೆ.

ಮಾವ ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವನು. ಅಲ್ಲಿನ ಗೂಡಿನ ಮಾರುಕಟ್ಟೆಯಲ್ಲಿ ಕೊಳ್ಳುವ ಮುಂಚೆ ಗೂಡನ್ನು ಹಿಚುಕಿ, ಕಿವಿಯ ಬಳಿ ಹಿಡಿದು ಅಲ್ಲಾಡಿಸುತ್ತಾರೆ. ಒಳಗಿನ ಹುಳ ಸದ್ದು ಮಾಡಿದರೆ ಗೂಡು ಒಳ್ಳೆಯದು. ಸರಿ, ಮಾರುಕಟ್ಟೆಯಲ್ಲಿ ಮಾಡಲಿ, ಬೇಡ ಅಂದವರು ಯಾರು? ಈ ಪುಣ್ಯಾತ್ಮ ಜ್ವರದ ಮಾತ್ರೆಯನ್ನೂ ಅಲ್ಲಾಡಿಸುತ್ತಾನೆ, ಬೇಕರಿಯ ಬನ್ನನ್ನೂ ಅಲ್ಲಾಡಿಸುತ್ತಾನೆ! ನಾನು ಮೊದಲ ಮೊಬೈಲು ತಂದ ದಿನ ಅದನ್ನು ಕಿವಿಗಿಟ್ಟು ಗಲಗಲ ಆಡಿಸಿ, "ಒಳಗೇನೋ ಸಡಿಲ ಐತೆ ಕಣ್ಲಾ" ಎಂದ. ಅವನು ಆಡಿಸಿದ ಮೇಲೆ ನಿಜವಾಗಿಯೂ ಸಡಿಲವಾಯಿತು. ನನಗೆ ಹೆಣ್ಣು ನೋಡಲು ಚನ್ನಪಟ್ಟಣಕ್ಕೆ ಹೋದಾಗ ತಟ್ಟೆಯ ಕೋಡುಬಳೆಯನ್ನು ಕಿವಿಗೆ ಹಿಡಿದು, "ಮೆತ್ತಗಾಗ್ಬುಟ್ಟೈತೆ" ಎಂದು ಹುಡುಗಿಯ ತಾಯಿಯ ಮುಂದೆಯೇ ತೀರ್ಪು ಕೊಟ್ಟ. ಸಂಬಂಧ ಅಲ್ಲಿಗೇ ಮುರಿಯಿತು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.

ಇದು ಸಾಲದು ಎಂಬಂತೆ ನಾತ ಬೇರೆ! ನೂಲು ತೆಗೆದ ಮೇಲೆ ಬೆಂದ ಹುಳ ಉಳಿಯುತ್ತದಲ್ಲ, ಅದರ ನಾತ ಮಾವನ ಮೈಗೆ ಅಂಟಿಬಿಟ್ಟಿದೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಹುಡುಗನೊಬ್ಬ ನನ್ನನ್ನು ಮೂಸಿ ಮೂಗು ಮುಚ್ಚಿಕೊಂಡ. ಅವತ್ತಿನಿಂದ ಬಸ್ಸಿನಲ್ಲಿ ನಾನು ಮಾವನ ಪಕ್ಕ ಕೂತವನಲ್ಲ. ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದವನು ಅವನೇ. ಆದರೂ ಕೂರಲಿಲ್ಲ.

ಬಿಡದಿಯ ಸುತ್ತಲ ರಾಗಿ ಹೊಲಗಳಲ್ಲೆಲ್ಲ ಕಾರ್ಖಾನೆಯ ಶೆಡ್ಡುಗಳು ಏಳುತ್ತಿದ್ದ ಕಾಲ. ಅಲ್ಲೊಂದು ಕೊರಿಯಾ ಕಂಪನಿಯ ಸ್ಟೋರಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಇನ್ನೂ ಕಾಯಂ ಆಗಿರಲಿಲ್ಲ. ನಮ್ಮ ಕೊರಿಯಾ ಸಾಹೇಬರದೊಂದು ಪದ್ಧತಿ: ಕಾಯಂ ಮಾಡುವ ಮುಂಚೆ ಹುಡುಗನ ಮನೆಯ ಹಿರಿಯರನ್ನು ಕರೆದು ಊಟ ಹಾಕಿಸುವುದು. "ಮಾವ ಜಮೀನ್ದಾರರು ಸರ್" ಎಂದು ನಾನು ಮೊದಲೇ ಒಂದು ಬುರುಡೆ ಬಿಟ್ಟಿದ್ದೆ. ಹುಳ ಬೇಯಿಸುವವನು ಎಂದು ಯಾರಾದರೂ ಹೇಳಿಕೊಳ್ಳುತ್ತಾರೆಯೇ?

ಆ ಭಾನುವಾರ ಬಸ್ಸಿನಲ್ಲಿ ಮಾವ ಮುಂದೆ, ನಾನು ನಾಲ್ಕು ಸೀಟು ಹಿಂದೆ. ಇಳಿದ ಮೇಲೆ ತಾಕೀತು ಮಾಡಿದೆ.

"ಮಾವ, ಏನನ್ನೂ ಅಲ್ಲಾಡಿಸಬೇಡ. ಹುಳದ ಮಾತು ಎತ್ತಲೇಬೇಡ."

"ಎತ್ತಕ್ಕಿಲ್ಲ ಬುಡ್ಲಾ. ಎರಡ್ ಸಲ ಸೋಪಾಕ್ಕಂಡು ಬಂದಿವ್ನಿ, ಮೂಸ್ ನೋಡು."

ನಾನು ಮೂಸಲಿಲ್ಲ.

ಹೆದ್ದಾರಿ ಪಕ್ಕದ ಹೋಟೆಲು, ಏಳನೇ ಮಹಡಿಯ ತಾರಸಿ. ಗಾಜಿನ ಕಟಕಟೆ, ಬಿಳಿ ಕೊಡೆಗಳು, ಮೇಜಿನ ನಡುವೆಯೇ ಕೆಂಡದ ಒಲೆ! ದೂರದಲ್ಲಿ ರಾಮನಗರದ ಬಂಡೆಗಳು ಸಂಜೆಬಿಸಿಲಿಗೆ ಕೆಂಪಗಾಗಿದ್ದವು. ಸಾಹೇಬರು ಎದ್ದು ನಿಂತು ಮಾವನಿಗೆ ಬಗ್ಗಿ ನಮಸ್ಕರಿಸಿದರು. ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಹತ್ತು ಹನ್ನೆರಡು ಬಗೆ ಬಂತು.

"ಎಡೆ ಇಕ್ದಂಗೆ ಇಕ್ಕವ್ರಲ್ಲಾ, ಯಾರ್ ತಿಥಿ?" ಎಂದ ಮಾವ.

"ಏನಂತೆ?" ಎಂದರು ಸಾಹೇಬರು ಇಂಗ್ಲಿಷಿನಲ್ಲಿ.

"ಬಹಳ ಚೆನ್ನಾಗಿದೆಯಂತೆ ಸರ್."

ಅಷ್ಟರಲ್ಲಿ ಮಾವ ಊಟದ ಸ್ಟೀಲ್ ಕಡ್ಡಿಗಳನ್ನು ಕಿವಿಗೆ ಹಿಡಿದಾಗಿತ್ತು. ಹುಟ್ಟುಗುಣ ಸುಟ್ಟರೂ ಹೋಗೋದಿಲ್ಲ! ಮೈಯೆಲ್ಲ ಉರಿದು, ಮೇಜಿನ ಕೆಳಗೆ ಅವನ ಕಾಲು ತುಳಿದೆ. "ಯಾಕ್ಲಾ ತುಳೀತೀಯ?" ಎಂದು ತಾರಸಿಗೆಲ್ಲ ಕೇಳುವಂತೆ ಕೂಗಿದ.

ಕೊನೆಗೆ ಸಾಹೇಬರು ಮುಚ್ಚಳದ ಬಟ್ಟಲೊಂದನ್ನು ತಾವೇ ಮಾವನ ಮುಂದೆ ಸರಿಸಿ, ಮುಚ್ಚಳ ತೆಗೆದರು. ಮಾವ ಒಂದನ್ನು ಎತ್ತಿ ಹಿಚುಕಿದ. ಕಿವಿಗೆ ಹೊರಟಿದ್ದ ಕೈ ಮೂಗಿನ ಹತ್ತಿರವೇ ನಿಂತುಬಿಟ್ಟಿತು.

"ಲೇ, ಇದು ನಮ್ ಹುಳ ಕಣ್ಲಾ!"

ನೋಡಿದೆ. ಹೌದು! ಗೂಡಿನೊಳಗಿನ ಅದೇ ಬೆಂದ ಹುಳ. ನಮ್ಮಲ್ಲಿ ತಿಪ್ಪೆಗೆ ಹೋಗುವುದು ಇಲ್ಲಿ ಪಿಂಗಾಣಿ ಬಟ್ಟಲಲ್ಲಿ ಕೂತಿದೆ.

ಮಾವ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಕರ್ಸಿ ಅಣಕ ಮಾಡ್ತಾವ್ನಾ ಇವ್ನು? ಊರೋರೆಲ್ಲ ಮೂಗ್ ಮುಚ್ಕಂಡ್ರೂ ತಡ್ಕಂಡಿವ್ನಿ. ತಟ್ಟೇಲಿ ಇಕ್ಕಿ ಆಡ್ಕಂಡ್ರೆ ತಡ್ಕಳಕ್ಕಿಲ್ಲ!"

"ಏನಂತೆ?" ಎಂದು ಸಾಹೇಬರು ಗಾಬರಿಯಾದರು.

"ಖಾರವಂತೆ ಸರ್."

"ಸುಳ್ಳೇಳ್ಬೇಡ್ಲಾ! ಇಂಗ್ಲೀಸ್ ಬರ್ದಿದ್ರೂ ನಿನ್ ಮೊಕ ಓದಕ್ಕೆ ಬತ್ತದೆ ನಂಗೆ. ನಾನು ಹುಳ ಬೇಯ್ಸೋನು ಅಂತೇಳು. ಯಾಕೆ, ನಾಚ್ಕೆನಾ?"

ನನ್ನ ಪಿತ್ತ ನೆತ್ತಿಗೇರಿತು. ಹೋಗಲಿ ಕೆಲಸ, ಹಾಳಾಗಿ ಹೋಗಲಿ! "ಸರ್, ಇವರು ಜಮೀನ್ದಾರರಲ್ಲ, ನಾನು ಹೇಳಿದ್ದು ಸುಳ್ಳು. ಈ ಹುಳ ಬೇಯಿಸಿ ನೂಲು ತೆಗೆಯುವುದೇ ಇವರ ಕಸುಬು. ನನ್ನನ್ನು ಸಾಕಿದ್ದೂ ಅದರಲ್ಲೇ!" ಎಂದು ಅರಚಿದೆ.

ಸಾಹೇಬರು ಎದ್ದು ಬಂದು ಮಾವನ ಬಲಗೈ ಹಿಡಿದು, ತಿರುಗಿಸಿ ನೋಡಿದರು. ದಿನವೆಲ್ಲ ಬಿಸಿನೀರಿನಲ್ಲಿ ಎಳೆ ಹುಡುಕುವ ಬೆರಳುಗಳು. ತುದಿಯ ಚರ್ಮ ನೆಂದು ಬೆಳ್ಳಗಾಗಿ ಬಿರಿದಿತ್ತು.

"ನನ್ನ ಅಮ್ಮನ ಕೈಯೂ ಹೀಗೇ ಇತ್ತು," ಎಂದರು. "ರೇಷ್ಮೆ ಮಿಲ್ಲಿನಲ್ಲಿ ಕೆಲಸ. ಉಳಿದ ಹುಳಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬರುತ್ತಿದ್ದಳು. ನಾವು ಮಕ್ಕಳು ಅದಕ್ಕೇ ಕಾಯುತ್ತಿದ್ದೆವು. ಮನಸ್ಸಿಗೆ ಬೇಕಾದವರು ಊಟಕ್ಕೆ ಬಂದರೆ ನಾನು ಇದನ್ನು ಹೇಳಿ ಮಾಡಿಸುತ್ತೇನೆ."

ಅದನ್ನು ಮಾವನಿಗೆ ಕನ್ನಡದಲ್ಲಿ ಹೇಳಿದೆ. ಮಾವ ಕುರ್ಚಿಯನ್ನು ತಾನೇ ಎತ್ತಿ ನಿಲ್ಲಿಸಿ ಕೂತ.

"ಅವ್ರವ್ವಂಗೆ ರಾತ್ರಿ ಕೈ ಉರೀತಿತ್ತಾ ಕೇಳ್ಲಾ. ಎಣ್ಣೆ ಹಚ್ಚೋರು ಯಾರಾರ ಇದ್ರಾ ಕೇಳು."

ಕೇಳಿದೆ. ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮಾವ ಒಂದು ಹುಳವನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದು, "ಉಪ್ಪು ಒಸಿ ಕಮ್ಮಿ" ಎಂದ. ಹೊರಡುವಾಗ ಸಾಹೇಬರು ಸುಳ್ಳು ಹೇಳಿದ್ದಕ್ಕೆ ನನಗೆ ಮನಸಾರೆ ಬೈದು, ಕಾಯಂ ಪತ್ರವನ್ನು ಸೋಮವಾರ ಬಂದು ತೆಗೆದುಕೋ ಎಂದರು.

ವಾಪಸ್ ಬಸ್ಸಿನಲ್ಲಿ ಮಾವ ಕಿಟಕಿಯ ಪಕ್ಕ ಕೂತ. ನಾನು ಹೋಗಿ ಅವನ ಪಕ್ಕ ಕೂತೆ. ಅವನು ಗಾಬರಿಯಿಂದ ಕಿಟಕಿಗೆ ಒತ್ತಿಕೊಂಡು ಸರಿದ.

"ಹಿಂದ್ಗಡೆ ಸೀಟು ಖಾಲಿ ಐತೆ ಕಣ್ ಮಗ, ಹೋಗು. ನಿನ್ ಬಟ್ಟೆಗೆ ನಾತ ಹತ್ಕತ್ತದೆ."

ಅಂದರೆ ಇಷ್ಟು ವರ್ಷವೂ ಅವನಿಗೆ ಗೊತ್ತಿತ್ತು! ಸಿಟ್ಟು ಬಂತು, ಈ ಸಲ ನನ್ನ ಮೇಲೆಯೇ. "ಹತ್ಕೊಂಡ್ರೆ ಹತ್ಕೊಳ್ಳಿ, ಸುಮ್ನೆ ಕೂತ್ಕೋ ಮಾವ" ಎಂದು ಗದರಿ, ಅವನ ಬಲಗೈಯನ್ನು ಎಳೆದು ನನ್ನ ತೊಡೆಯ ಮೇಲಿಟ್ಟುಕೊಂಡೆ. ಯಾರ ತಾಯಿಯ ಕೈಯನ್ನೋ ವಿಚಾರಿಸಿ ಬಂದೆ, ಈ ಕೈಯನ್ನು ಒಂದು ದಿನವೂ ಕೇಳಿದವನಲ್ಲ.

"ಉರೀತದಾ ಮಾವ?"

ಮಾವ ಕಿಟಕಿಯ ಹೊರಗೆ ನೋಡುತ್ತಾ ಹೇಳಿದ: "ಈಗಿಲ್ಲ ಬುಡ್ಲಾ."