ಫಕ್ಕೀರೇಶನ ಹೆರಿಗೆ ರಜೆ

1993ರಲ್ಲಿ ನಮ್ಮ ಬೀಜ ಸಹಕಾರ ಸಂಘದ ಹಾವೇರಿ ಕಚೇರಿಯ ಜವಾನ ಫಕ್ಕೀರೇಶನು ಏಳು ತಿಂಗಳ ಗರ್ಭಿಣಿಯಾಗಿದ್ದನು. ಹಾಗೆಂದು ಕಂಪ್ಯೂಟರ್ ಹೇಳಿತ್ತು.

ಬಸುರಿಯಾಗಿದ್ದವಳು ಗುಮಾಸ್ತೆ ನಲಿನಿ. ಆದರೆ ರಜೆ ಲೆಕ್ಕದ ಸಾಫ್ಟ್‌ವೇರಿನ ಮೊದಲನೆಯ ಆವೃತ್ತಿಯಲ್ಲಿ ಒಬ್ಬರ ವಿವರ ಪಟ್ಟಿಯ ಮುಂದಿನ ಹೆಸರಿಗೆ ಬೀಳುವ ದೋಷವಿತ್ತು. ನಲಿನಿಯ ನಂತರದ ಹೆಸರು ಫಕ್ಕೀರೇಶನದು. ಅವಳು ಕಾರ್ಯದರ್ಶಿ ಅಣ್ಣಾಜಿಯವರ ಮುಂದೆ ನಿಂತಳು.

“ಸಾಹೇಬ್ರ, ಚೊಚ್ಚಲ ಹೆರಿಗಿ. ಅಗಡಿಗೆ ತವರಿಗೆ ಹೋಗಬೇಕ್ರಿ. ರಜಾ ಕೊಡ್ರಿ.”

“ಫಕ್ಕೀರೇಶಗ ಮಂಜೂರಾಗೇತಲ್ಲವ್ವಾ. ಒಂದು ಬಸಿರಿಗೆ ಎರಡು ರಜಾ ಹೆಂಗ ಕೊಡಲಿ?”

ಯಾವ ಊರಿಗೂ ಅನ್ಯಾಯವಾಗಬಾರದೆಂದು ಸಂಘವು ಊರಿಗೊಂದು ಆವೃತ್ತಿ ಹಂಚಿತ್ತು. ನಲಿನಿ ರಾಣೆಬೆನ್ನೂರಿಗೆ ಹೋದಳು. ಅಲ್ಲಿಯ ಎರಡನೆಯ ಆವೃತ್ತಿಯಲ್ಲಿ ಹೆಸರು ಸರಿಯಾಗಿತ್ತು, ತಿಂಗಳುಗಳು ಮಾತ್ರ ಹಿಂದಕ್ಕೆ ಓಡುತ್ತಿದ್ದವು. “ಇನ್ನೂ ಭಾಳ ದಿನ ಐತ್ರಿ” ಎಂದು ಕಳಿಸಿದರು. ಮೆಣಸಿನಕಾಯಿ ಚೀಲಗಳ ನಡುವೆ ಸೀನುತ್ತ ಬ್ಯಾಡಗಿಗೆ ಹೋದಳು. ಮೂರನೆಯ ಆವೃತ್ತಿ ನಿರ್ದೋಷಿ. ಆದರೆ ಹಳೆಯ ಆವೃತ್ತಿಯಲ್ಲಿ ಶುರುವಾದ ಬಸಿರನ್ನು ಅದು ಒಪ್ಪುತ್ತಿರಲಿಲ್ಲ.

ಕೊನೆಗೆ ಸುತ್ತೋಲೆ ಬಂತು: “ದೋಷವು ಯಾವ ಆವೃತ್ತಿಯಲ್ಲಿ ಹುಟ್ಟಿತೋ ಅದರಲ್ಲೇ ಸರಿಪಡಿಸತಕ್ಕದ್ದು. ಮೊದಲನೆಯ ಆವೃತ್ತಿ ರದ್ದಾಗಿರುವುದರಿಂದ ಅದರಲ್ಲಿ ಏನನ್ನೂ ಸರಿಪಡಿಸತಕ್ಕದ್ದಲ್ಲ, ಅದನ್ನೇ ಬಳಸುತ್ತಿರತಕ್ಕದ್ದು.”

ಏಳನೆಯ ತಿಂಗಳೆಂದ ಮೇಲೆ ಬಸುರಿಗೆ ಮಾಡುವ ಕುಬಸ ಬಿಡಲಾಗುತ್ತದೆಯೇ? ಫಕ್ಕೀರೇಶನನ್ನು ಕುರ್ಚಿಯಲ್ಲಿ ಕೂರಿಸಿದೆವು. ಲೆಕ್ಕಪತ್ರದ ಸಕೀನಾಬಿ ತೊಡಿಸಿದ ಹಸಿರು ಬಳೆಗಳು ಗೆಣ್ಣಿನಲ್ಲೇ ಸಿಕ್ಕಿಕೊಂಡವು. ಆರತಿ ಎತ್ತಿದವಳು ನಲಿನಿ, ಹೊಟ್ಟೆ ಹೊತ್ತುಕೊಂಡು. ಅವಳ ಕಣ್ಣು ತುಂಬಿತ್ತು. ಹೋಳಿಗೆ ಚೆನ್ನಾಗಿತ್ತು.

ನಲಿನಿ ಭಾನುವಾರ ಹೆತ್ತಳು, ಬೇರೆ ದಿನ ರಜೆ ಇರಲಿಲ್ಲ. ಸೋಮವಾರ ಕೆಲಸಕ್ಕೆ ಬಂದಳು. “ರಜಾದಾಗ ಖಾಲಿ ಕುಂತ್ರ ಪಾಪ ಬರತೈತ್ರಿ” ಎಂದು ಫಕ್ಕೀರೇಶನೇ ಅವಳ ಮನೆಗೆ ಹೋಗಿ ಕೂಸು ನೋಡಿಕೊಂಡ. ಹಾವೇರಿಯ ಆವೃತ್ತಿಗೆ ರಜೆ ಕೊಡುವುದು ಗೊತ್ತಿತ್ತು, ಮುಗಿಸುವುದು ಗೊತ್ತಿರಲಿಲ್ಲ. ಹೀಗಾಗಿ ಕೂಸಿಗೆ ಮಾತು ಬರುವವರೆಗೂ ಅವನು ತೊಟ್ಟಿಲು ತೂಗಿದ.

ಆಗ ದೋಷ ಪರಿಶೀಲನಾ ಸಮಿತಿ ಕಚೇರಿಗೆ ಬಂತು. ಫಕ್ಕೀರೇಶ ಕೂಸನ್ನು ಎತ್ತಿಕೊಂಡು ಹಾಜರಾದ.

“ದಾಖಲೆಯೊಳಗರ ನನ್ನ ಕೂಸನ್ನ ನನ್ನ ಹೆಸರಿಗೆ ಹಚ್ಚರಿ,” ಎಂದು ನಲಿನಿ ಬೇಡಿಕೊಂಡು ಕೂಸಿನತ್ತ ಕೈ ಚಾಚಿದಳು. ಕೂಸು ಫಕ್ಕೀರೇಶನ ಕೊರಳು ಬಿಗಿಯಾಗಿ ಹಿಡಿದುಕೊಂಡು, “ಅವ್ವಾ” ಎಂದಿತು.

ಅಣ್ಣಾಜಿ ಕನ್ನಡಕ ತೆಗೆದರು. “ನೋಡ್ರಿ, ಕಂಪ್ಯೂಟರ್ ಮೊದಲ ಹೇಳಿತ್ತು!”

ದೋಷವು ಯಾವ ಆವೃತ್ತಿಯಲ್ಲೂ ಇಲ್ಲವೆಂದು ಅಂದೇ ಆದೇಶ ಹೊರಟಿತು. ಎಲ್ಲರೂ ಪೇಢೆ ತಿಂದೆವು. ಆದೇಶ ಟೈಪ್ ಮಾಡಿದವಳು ನಲಿನಿ. ಅದರಲ್ಲಿ ಒಂದೂ ತಪ್ಪಿರಲಿಲ್ಲ.