ಅಕ್ಷರಾಳ ಮೂರು ನಕ್ಷತ್ರ

ಯೋಗರಾಜನ ಮಗಳು ಅಕ್ಷರಾಳಿಗೆ ಇದ್ದ ಒಂದೇ ಕಾಯಿಲೆಯೆಂದರೆ ಮೊಸರನ್ನದ ಹೊರತು ಬೇರೇನನ್ನೂ ಮುಟ್ಟದಿರುವುದು. ಮೂರೂವರೆ ವರ್ಷದ ಹುಡುಗಿ ಹೀಗಾದರೆ ಹೇಗೆಂದು ತಾಯಿ ಯಶೋಧರಾ ದೂರಿದ್ದಕ್ಕೆ, ಶಿವಮೊಗ್ಗದ ದುರ್ಗಿಗುಡಿಯ ಮಕ್ಕಳ ಡಾಕ್ಟರು ವಿಮಲಾ, "ಯಾವುದಕ್ಕೂ ಇರ್ಲಿ, ಒಂದ್ಸಲ ರಕ್ತ ನೋಡಿಬಿಡೋಣ" ಎಂದು ಚೀಟಿ ಬರೆದುಕೊಟ್ಟಿದ್ದರು. ಯೋಗರಾಜನ ಊರಾದ ಭದ್ರಾವತಿಯ ಲ್ಯಾಬಿಗೆ ಆ ತಿಂಗಳಷ್ಟೇ ಕಂಪ್ಯೂಟರ್ ಬಂದಿತ್ತು. ಅದು ರಿಪೋರ್ಟಿನ ಮೂರು ಅಂಕಿಗಳ ಪಕ್ಕದಲ್ಲಿ, ಅವು ಸರಿಯಿಲ್ಲವೆಂಬ ಗುರುತಿಗೆ, ಮೂರು ನಕ್ಷತ್ರ ಮೂಡಿಸಿ ಕಳಿಸಿತು.

ಮಗಳದು ಪುಷ್ಯ ನಕ್ಷತ್ರವೆಂದಷ್ಟೇ ತಿಳಿದಿದ್ದ ಯೋಗರಾಜ, ಉಳಿದ ಮೂರನ್ನು ಕಂಡು ಕಂಗಾಲಾದ. ಬೆಳಗ್ಗೆ ಎಂಟಕ್ಕೆ ಲ್ಯಾಬಿನಿಂದ ರಿಪೋರ್ಟ್ ಹಿಡಿದು ಮನೆಯ ಗೇಟಿಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಉಜ್ಜನಪ್ಪನವರು ಎದುರಾದರು. ಯೋಗರಾಜ ಕೆಲಸ ಮಾಡುವ ಕಾರ್ಖಾನೆಯ ಸ್ಟೋರಿನಿಂದಲೇ ನಿವೃತ್ತರಾದವರು. ಬೀದಿಯಲ್ಲಿ ಯಾರ ಕೈಯಲ್ಲಿ ಕಾಗದ ಕಂಡರೂ ಅವರ ಕನ್ನಡಕ ತಾನಾಗಿ ಮೂಗಿನ ಮೇಲೆ ಏರುತ್ತಿತ್ತು.

"ಲಿಂಫೋಸೈಟ್ ಐವತ್ತೆಂಟು! ನಲವತ್ತು ದಾಟಬಾರ್ದು ಅಂತ ಪಕ್ಕದಲ್ಲೇ ಅಚ್ಚು ಹಾಕಿದಾರೆ ನೋಡು. ಇದೇನಿದು... ಆಲ್ಕಲೈನ್ ಫಾಸ್ಫಟೇಸ್ ಇನ್ನೂರ ತೊಂಬತ್ತು! ನೂರಿಪ್ಪತ್ತರ ಒಳಗಿರ್ಬೇಕಿತ್ತು ಮಾರಾಯ."

"ಹಂಗಂದ್ರೆ ಏನು ಉಜ್ಜನಪ್ಪೋರೆ?"

"ಫಾಸ್ಫೇಟ್ ಅಂದ್ರೆ ಗೊಬ್ಬರ ಅಲ್ವೇನೋ? ಮೈಯಲ್ಲಿ ಗೊಬ್ಬರ ಜಾಸ್ತಿ ಆಗಿದೆ. ನಮ್ಮ ತಮ್ಮನ ಅಡಿಕೆ ಸಸಿ ಹಿಂಗೇ ಸುಟ್ಟೋಯ್ತು. ಇನ್ನು ಹಿಮೋಗ್ಲೋಬಿನ್ ಹನ್ನೊಂದೂವರೆ. ಹನ್ನೆರಡಾದ್ರೂ ಬೇಡ್ವಾ? ಒಟ್ನಲ್ಲಿ ರಕ್ತನೇ ಇಲ್ಲ ಅಂತಾಯ್ತು."

ಆ ರಕ್ತವಿಲ್ಲದ ಮಗು ಅಷ್ಟರಲ್ಲಿ ಉಜ್ಜನಪ್ಪನವರದೇ ಕೋಳಿಯನ್ನು ಅಂಗಳದ ಸುತ್ತ ಮೂರು ಸಲ ಅಟ್ಟಾಡಿಸಿ, ನಾಲ್ಕನೆಯ ಸುತ್ತಿಗೆ ಹೊರಟಿತ್ತು. ಅದನ್ನು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ಮಾತು ಕೇಳಿ ಹೊರಬಂದ ಯಶೋಧರಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಉಜ್ಜನಪ್ಪನವರು ತಮ್ಮ ಮನೆಯ ಫೋನಿನಿಂದ ಮಲವಗೊಪ್ಪದ ಅಂಗಡಿಯೊಂದಕ್ಕೆ ಕರೆ ಮಾಡಿ, ಯೋಗರಾಜನ ಅತ್ತೆ ದುರ್ಗಮ್ಮನವರಿಗೆ ಸುದ್ದಿ ಮುಟ್ಟಿಸಿಯೇ ಬಿಟ್ಟರು.

ಯೋಗರಾಜ ಅರ್ಧ ದಿನದ ರಜೆ ಕೇಳಲು ಕಾರ್ಖಾನೆಯ ಆಫೀಸಿಗೆ ಓಡಿದ. ಸುದ್ದಿ ಅವನಿಗಿಂತ ಮೊದಲೇ ಅಲ್ಲಿಗೆ ತಲುಪಿತ್ತು. ಯೂನಿಯನ್ ಕಾರ್ಯದರ್ಶಿ ರೇಣುಕಾಪ್ರಸಾದ್ ಬಾಗಿಲಲ್ಲೇ ಹಿಡಿದ. ಬೇರೆಯವರ ಕಷ್ಟವೆಂದರೆ ಅವನಿಗೆ ಹಬ್ಬದೂಟಕ್ಕೆ ಕರೆ ಬಂದಂತೆ.

"ರಕ್ತ ಇಲ್ವಂತಲ್ಲ? ಚಿಂತೆ ಮಾಡ್ಬೇಡಿ. ಏಳು ಜನ ರೆಡಿ ಮಾಡ್ತೀನಿ."

"ಅಯ್ಯೋ, ರಕ್ತ ಕೊಡಿ ಅಂತ ಯಾರೂ ಕೇಳಿಲ್ಲ ಕಣ್ರೀ."

"ಕೇಳೋ ತನಕ ಕಾಯೋಕೆ ನಾವೇನು ಮ್ಯಾನೇಜ್‌ಮೆಂಟಾ?"

ಅವನಿಂದ ತಪ್ಪಿಸಿಕೊಂಡು ಯೋಗರಾಜ ಶಿವಮೊಗ್ಗದ ಬಸ್ ಹತ್ತಿದ. ದಾರಿಯುದ್ದಕ್ಕೂ ಆ ಕಾಗದವನ್ನು ಎಷ್ಟು ಸಲ ಮಡಿಚಿ ಬಿಡಿಸಿದನೆಂದರೆ, ಡಾಕ್ಟರ ಮೇಜು ತಲುಪುವ ಹೊತ್ತಿಗೆ ಅದು ಹಳೆಯ ಜಾತಕದ ಹಾಗೆ ನಾಲ್ಕು ತುಂಡಾಗುವುದರಲ್ಲಿತ್ತು.

"ಮಗು ಎಲ್ಲಿ?" ಎಂದರು ಡಾಕ್ಟರು ವಿಮಲಾ.

"ಮನೇಲಿದೆ ಮೇಡಂ. ರಿಪೋರ್ಟ್ ಮಾತ್ರ ತಂದೆ."

"ಜ್ವರ ಇದ್ಯಾ?"

"ಇಲ್ಲ."

"ಆಟ ಆಡ್ತಾಳಾ?"

"ಕೋಳಿ ಓಡಿಸ್ತಾಳೆ."

"ಮತ್ತೆ ನೀವ್ಯಾಕೆ ಹಿಂಗೆ ಬೆವರ್ತಿದೀರಾ?" ಡಾಕ್ಟರು ಕಾಗದದ ಮೇಲೆ ಬೆರಳಿಟ್ಟರು. "ಪಕ್ಕದಲ್ಲಿ ಅಚ್ಚಾಗಿರೋ ಅಂಕಿ ಎಲ್ಲ ದೊಡ್ಡೋರ ಲೆಕ್ಕ. ಈ ವಯಸ್ಸಲ್ಲಿ ಲಿಂಫೋಸೈಟ್ ಜಾಸ್ತಿನೇ ಇರತ್ತೆ. ಈ ಫಾಸ್ಫಟೇಸು ಮೂಳೆ ಬೆಳೆಯೋವಾಗ ಏರತ್ತೆ, ಅಂದ್ರೆ ನಿಮ್ಮ ಮಗಳು ಬೆಳೀತಿದಾಳೆ ಅಷ್ಟೇ. ಹಿಮೋಗ್ಲೋಬಿನ್ನೂ ಸರಿಯಾಗೇ ಇದೆ. ಹುಂಜದ ಜುಟ್ಟು ಅಳೆದು ಮರಿಗೆ ಕಾಯಿಲೆ ಅಂದ್ರೆ ಹೆಂಗ್ರೀ? ಕಂಪ್ಯೂಟರಿಗೆ ಬುದ್ಧಿ ಇಲ್ಲ ಸರಿ. ನಿಮಗೆ?"

ಬೈಸಿಕೊಂಡು ಇಷ್ಟು ಸಂತೋಷ ಯೋಗರಾಜನಿಗೆ ಜೀವಮಾನದಲ್ಲಿ ಆಗಿರಲಿಲ್ಲ. ಬಸ್ಸಿನಲ್ಲಿ ನಿಂತೇ ಬಂದರೂ ಕಾಲು ನೋಯಲಿಲ್ಲ. ಮನೆಯ ಮುಂದೆ ಅರ್ಧ ಬೀದಿಯೇ ನೆರೆದಿತ್ತು. ನಡುವೆ ಬೇವಿನ ಸೊಪ್ಪು ಹಿಡಿದು ದುರ್ಗಮ್ಮನವರು ಕೂತಿದ್ದರು.

"ಏನೂ ಇಲ್ಲ! ಎಲ್ಲ ಸರಿಯಾಗಿದೆ!" ಎಂದು ಯೋಗರಾಜ ಗೇಟಿನಿಂದಲೇ ಕೂಗಿದ.

ದುರ್ಗಮ್ಮ ಎರಡೂ ಕೈ ಎತ್ತಿ ಮುಗಿದರು. "ನನ್ನ ಚೌಡಮ್ಮ ತಾಯಿ ನಡೆಸಿಕೊಟ್ಲು! ಸುಬ್ಬಪ್ಪಾ, ಬಾರಪ್ಪ."

ಜನರ ಹಿಂದಿನಿಂದ ಕ್ಷೌರದ ಸುಬ್ಬಪ್ಪ ಪೆಟ್ಟಿಗೆ ಹಿಡಿದು ಮುಂದೆ ಬಂದ.

"ಇವರ್ಯಾಕೆ?" ಎಂದ ಯೋಗರಾಜ.

"ಹರಕೆ ಹೊತ್ತಿದೀನಿ ಅಳಿಯಂದ್ರೆ. ಮಗು ಉಳಿದ್ರೆ ನಿಮ್ಮ ಕೂದಲು, ಮೀಸೆ ಎರಡೂ ಅಮ್ಮಂಗೆ."

"ನನ್ನ ಕೂದಲನ್ನ ನೀವು ಹೆಂಗೆ ಕೊಡ್ತೀರಿ? ನಿಮ್ಮದೇ ಕೊಡಬಹುದಿತ್ತಲ್ಲ!"

"ನನ್ನದು ಹಣ್ಣಾಗಿದೆ, ಉದುರೂ ಉದುರ್ತಿದೆ. ದೇವರಿಗೆ ಚೆನ್ನಾಗಿರೋದೇ ಕೊಡ್ಬೇಕು."

"ಅತ್ತೆ, ಕಾಯಿಲೆ ಮೊದಲಿಂದಾನೂ ಇರಲಿಲ್ಲ. ಡಾಕ್ಟ್ರೇ ಹೇಳಿದ್ರು."

"ಬೆಳಗ್ಗೆ ಮೂರು ನಕ್ಷತ್ರ ಇತ್ತು, ಮಧ್ಯಾಹ್ನ ಇಲ್ಲ. ನಡುವೆ ಹರಕೆ ಹೊತ್ತಿದ್ದು ಯಾರು? ನಿಮ್ಮ ಡಾಕ್ಟ್ರಾ?"

ಬೀದಿಯವರೆಲ್ಲ ತಲೆದೂಗಿದರು. ತಮ್ಮ ವಿದ್ಯೆ ಸುಳ್ಳಾಗುವುದಕ್ಕಿಂತ ದೇವಿಯ ಮಹಿಮೆ ನಿಜವಾಗುವುದೇ ಲೇಸೆಂದು ಉಜ್ಜನಪ್ಪನವರು ಎಲ್ಲರಿಗಿಂತ ಜೋರಾಗಿ ತಲೆದೂಗಿದರು. ಕೂದಲು ಉಳಿಸಿಕೊಳ್ಳಲು ಯೋಗರಾಜನಿಗೆ ಒಂದೇ ದಾರಿ ಹೊಳೆಯಿತು.

"ಪೂರ್ತಿ ವಾಸಿ ಅಂತಾನೂ ಅಲ್ಲ," ಎಂದು ರಾಗ ಎಳೆದ. "ರಕ್ತ ಒಂಚೂರು ಕಡಿಮೆನೇ..."

ಮಾತು ಮುಗಿಯುವ ಮುಂಚೆ ಬೀದಿಯ ತಿರುವಿನಿಂದ ಬಂದ ಮಟಾಡೋರ್ ಗಾಡಿ ಗೇಟಿನ ಮುಂದೆ ಗಕ್ಕನೆ ನಿಂತಿತು. ರೇಣುಕಾಪ್ರಸಾದ್ ಮತ್ತು ಏಳು ಜನ ದಪ ದಪ ಇಳಿದರು. ಏಳು ಅಂಗಿಗಳ ಎಡತೋಳು ಆಗಲೇ ಮೇಲಕ್ಕೆ ಮಡಿಚಿದ್ದವು.

"ಕಡಿಮೆ ಅಂದ್ರಾ? ತನ್ನಿ ಮಗೂನ! ಸೂಜಿ ಚುಚ್ಚಿಸಿ ಇವತ್ತೇ ಏರಿಸಿಬಿಡೋಣ!"

ಒಳಗೆ ಮಧ್ಯಾಹ್ನದ ನಿದ್ದೆಯಲ್ಲಿದ್ದ ಮಗಳನ್ನು ಬಾಗಿಲ ಸಂದಿಯಿಂದ ಒಮ್ಮೆ ನೋಡಿ, ಯೋಗರಾಜ "ಪೂರ್ತಿ ವಾಸಿನೇ" ಎನ್ನುತ್ತ ಹೋಗಿ ಸುಬ್ಬಪ್ಪನ ಮುಂದೆ ಕುಕ್ಕರುಗಾಲಲ್ಲಿ ಕೂತ.

ಹತ್ತು ನಿಮಿಷದಲ್ಲಿ ಅವನ ತಲೆ ಸುಲಿದ ತೆಂಗಿನಕಾಯಿಯಂತಾಯಿತು. ಮೀಸೆ ಹೋದ ಜಾಗದಲ್ಲಿ ಅವನಿಗೇ ಗೊತ್ತಿರದ ಒಂದು ತುಟಿ ಕಾಣಿಸಿಕೊಂಡಿತು. ಗಲಾಟೆಗೆ ಎದ್ದ ಅಕ್ಷರಾ ಕಣ್ಣುಜ್ಜುತ್ತ ಹೊಸ್ತಿಲಿಗೆ ಬಂದಳು.

"ಬಾ ಪುಟ್ಟಿ" ಎಂದು ಯೋಗರಾಜ ಕೈ ಚಾಚಿದ.

ಮಗು ಅವನನ್ನು ಮೇಲಿಂದ ಕೆಳಗೆ ನೋಡಿ, ಊರೇ ಹಾರಿಹೋಗುವಂತೆ ಚೀರಿತು. "ಇವ್ರು ಬೇಡಾ! ನಂಗೆ ಅಪ್ಪ ಬೇಕು!"

"ನಾನೇ ಕಣೇ ಅಪ್ಪ!"

"ಅಲ್ಲಾ!"

ಉಜ್ಜನಪ್ಪನವರು ನಿಧಾನವಾಗಿ ಕನ್ನಡಕ ಏರಿಸಿದರು.

"ಹೆತ್ತ ಅಪ್ಪನ್ನೇ ಗುರುತು ಹಿಡೀತಿಲ್ಲ," ಎಂದರು. "ಕಾಯಿಲೆ ತಲೆಗೆ ಏರಿದೆ. ತಡ ಮಾಡ್ಬೇಡಿ, ಶಿವಮೊಗ್ಗದಲ್ಲಿ ಒಂದು ಸ್ಕ್ಯಾನಿಂಗ್ ಮಾಡಿಸ್ಬೇಕು."

"ಗಾಡಿ ಹೆಂಗೂ ಇದೆ!" ಎಂದ ರೇಣುಕಾಪ್ರಸಾದ್.

ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಗುವನ್ನೆತ್ತಿಕೊಂಡ ಯಶೋಧರಾ, ದುರ್ಗಮ್ಮ, ಉಜ್ಜನಪ್ಪ, ಆ ಏಳು ಜನ, ಕೊನೆಗೆ ಪೆಟ್ಟಿಗೆಯ ಸಮೇತ ಸುಬ್ಬಪ್ಪನೂ ಗಾಡಿಯೊಳಗೆ ತುರುಕಿಕೊಂಡರು. ಯೋಗರಾಜ ಓಡಿಬಂದು ಬಾಗಿಲಿಗೆ ಕೈ ಹಾಕಿದ. ಮಗು ಮತ್ತೆ ಕಿಟಾರನೆ ಕಿರುಚಿತು.

ಯಶೋಧರಾ ಕಿಟಕಿಯಿಂದ ಇಣುಕಿ ಹೇಳಿದಳು: "ರೀ, ನಿಮ್ಮನ್ನ ನೋಡಿದ್ರೆ ಹೆದರ್ಕೊಳ್ತಾಳೆ. ನೀವು ಬಸ್ಸಲ್ಲಿ ಬನ್ನಿ."