ಕಂಬದೊಳಗಿನ ಅಳಿಯ

ನಮ್ಮ ಭಾವನವರ ಕಂಬದಲ್ಲಿ ದೆವ್ವ ಇರಲಿಲ್ಲ. ನಮ್ಮ ಅಳಿಯ ಇದ್ದರು. ನಡೆದದ್ದು ಇಷ್ಟೇ. ಅಜ್ಜಂಪುರದ ಸಂತೆಯಲ್ಲಿ ಯಾರಾದರೂ ನಿಮಗೆ ಬೇರೆ ಕಥೆ ಹೇಳಿದರೆ ಅವರ ಹತ್ತಿರ ಮೆಣಸಿನಕಾಯಿ ಕೊಳ್ಳಬೇಡಿ, ತೂಕದಲ್ಲೂ ಹಾಗೇ ಮಾಡುತ್ತಾರೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಸುಳ್ಳು ಬರೆಯುವಷ್ಟು ಓದು ನನಗೆ ಹತ್ತಲಿಲ್ಲ.

ಅಳಿಯ ಅಂದರೆ ನನ್ನ ಒಬ್ಬಳೇ ಮಗಳ ಗಂಡ. ಮಗಳು ಇಲ್ಲೇ ಆಸ್ಪತ್ರೆಯಲ್ಲಿ ನರ್ಸು, ಹಾಗಾಗಿ ಮಗಳು, ಅಳಿಯ, ಮೊಮ್ಮಗಳು ಎಲ್ಲ ನನ್ನ ಮನೆಯಲ್ಲೇ. ಅಳಿಯಂದಿರದು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿ ಕೊಡುವ ಅಂಗಡಿ. ಬೆಳಗಿನಿಂದ ತಂತಿ ಸುತ್ತಿದ ಗಂಡಸು ಮಧ್ಯಾಹ್ನ ಊಟಕ್ಕೆ ಬಂದರೆ ಏನು ಮಾಡಬೇಕು? ಉಂಡು ಅಡ್ಡಾಗಬೇಕು. ಇವರು ಕೈ ತೊಳೆದು ಇನ್ನೂ ಆರು ತಂತಿ ಹಿಡಿದು ಕೂರುತ್ತಾರೆ! ಕರೆಂಟಿನ ಕಿಟಾರಿ. "ಕಿಟಾರಿ ಅಲ್ಲ ಅಜ್ಜಿ, ಗಿಟಾರ್" ಎಂದು ಮೊಮ್ಮಗಳು ತಿದ್ದುತ್ತಾಳೆ. ಯಾವುದೋ ಒಂದು. ಹೊಟ್ಟೆಯಲ್ಲಿ ತೂತಿಲ್ಲ, ಟೊಳ್ಳಿಲ್ಲ, ನನ್ನ ಈಳಿಗೆ ಮಣೆಯ ಹಾಗೆ ಗಟ್ಟಿ. ಅದರ ಜೊತೆ ಒಂದು ಸೌಂಡ್ ಬಾಕ್ಸು ಇದ್ದರೆ ಸದ್ದು. ಇಲ್ಲದಿದ್ದರೆ ಸೊಳ್ಳೆ ಕೆಮ್ಮಿದ ಹಾಗೆ.

ಬಾಕ್ಸು ಮೊದಲು ಇತ್ತು. ಒಂದೇ ದಿನ ಇತ್ತು. ಅದನ್ನು ಹಚ್ಚಿದ ಹೊತ್ತಿಗೆ ಪಕ್ಕದ ಮನೆಯಲ್ಲಿ ನಮ್ಮ ಭಾವ, ಅಂದರೆ ನನ್ನ ಯಜಮಾನರ ಅಣ್ಣ, ಎಮ್ಮೆ ಕರೆಯುತ್ತಿದ್ದರು. ಎಮ್ಮೆ ಒದ್ದ ಚೊಂಬು ಬೀದಿಗೆ ಬಂತು, ಅದರ ಹಿಂದೆ ಭಾವ ಬಂದರು. ಸಂಜೆಗೆ ಅಳಿಯಂದಿರು ಬಾಕ್ಸನ್ನು ತಂದ ಕಡೆಗೇ ಹೊತ್ತು ಹಾಕಿದರು.

ಆದರೆ ಬಾರಿಸುವುದನ್ನು ಬಿಡುವ ಹಾಗಿಲ್ಲ. ತರೀಕೆರೆಯ ಆರ್ಕೆಸ್ಟ್ರಾದವರು ಇವರ ಕೈ ನೋಡಿ, "ಬೆರಳು ಇನ್ನೂ ತೊಡರ್ತವೆ. ಗಣಪತಿ ಹಬ್ಬದೊತ್ಗೆ ಸರಾಗ ಮಾಡ್ಕಂಡ್ ಬನ್ನಿ, ಸ್ಟೇಜ್ ಹತ್ತಿಸ್ತೀವಿ" ಎಂದು ಮಾತು ಕೊಟ್ಟಿದ್ದರು. ನಡುವೆ ಕೈ ಬಿಟ್ಟರೆ ಬೆರಳು ಮತ್ತೆ ಮರವಾಗುತ್ತದಂತೆ. ಸ್ಟೇಜು ಹತ್ತುವುದು ಈ ಮನುಷ್ಯನಿಗೆ ಹುಡುಗನಾಗಿದ್ದಾಗಿನಿಂದ ಇದ್ದ ಒಂದೇ ಆಸೆ. ಮದುವೆ ಕೂಡ ಅಷ್ಟು ಆಸೆಯಿಂದ ಆಗಲಿಲ್ಲ ಎಂದು ನನ್ನ ಮಗಳೇ ಹೇಳುತ್ತಾಳೆ!

ಹಾಗಾಗಿ ಸದ್ದಿಲ್ಲದೆ ಬಾರಿಸುವ ದಾರಿ ಹುಡುಕಿದರು. ಸಖರಾಯಪಟ್ಟಣಕ್ಕೆ ನೆಂಟರ ಮದುವೆಗೆ ಹೋಗುವಾಗ ಬಸ್ಸಿನಲ್ಲಿ ಪಕ್ಕದವರ ಛತ್ರಿಯ ಮೇಲೆ ಬೆರಳು ಓಡಿಸುತ್ತಾ ಕೂತರು. ಆ ಮನುಷ್ಯ ಕಡೂರಿನ ತನಕ ತಡೆದುಕೊಂಡ. ಆಮೇಲೆ, "ಯಾಕ್ ಸ್ವಾಮಿ, ನನ್ ಛತ್ರಿಗೆ ಕಚಗುಳಿ ಇಡ್ತಿದೀರಾ?" ಎಂದು ಕೇಳಿಯೇ ಬಿಟ್ಟ. ಇನ್ನೊಂದು ಸಲ ಕಿವಿಗೆ ಸಿಕ್ಕಿಸಿಕೊಳ್ಳುವ ಪುಟ್ಟ ಯಂತ್ರ ತಂದರು. ಮೋಟಾರು ರಿಪೇರಿಯವರು ತಾನೇ, ಇದ್ದ ಹಾಗೆ ಇಟ್ಟುಕೊಳ್ಳುತ್ತಾರೆಯೇ? ಇನ್ನಷ್ಟು ಚೆನ್ನಾಗಿ ಮಾಡುತ್ತೇನೆಂದು ಬಿಚ್ಚಿ ಜೋಡಿಸಿ ಪ್ಲಗ್ಗಿಗೆ ಹಾಕಿದರು. ಟಪ್! ನಮ್ಮ ಸಾಲಿನ ಮನೆಗಳೆಲ್ಲ ಕತ್ತಲು. ಬಾಕ್ಸು ಹೋದ ಮೇಲೆ ಬೀದಿಗೆಲ್ಲ ಕೇಳಿಸುವ ಹಾಗೆ ಅವರು ನುಡಿಸಿದ ಸ್ವರ ಅದೊಂದೇ.

ಆಮೇಲಿನದು ಕೇಳಿ. ಒಂದು ಮಧ್ಯಾಹ್ನ ಕಾಫಿ ತಂದು ನೋಡುತ್ತೇನೆ, ಅಳಿಯಂದಿರು ಕಿಟಾರಿಯ ಮೈಯಿಂದ ಕೊಂಬಿನ ಹಾಗೆ ಚಾಚಿದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಬಾರಿಸುತ್ತಿದ್ದಾರೆ! ಹಲ್ಲಿನಿಂದ ಸದ್ದು ತಲೆಗೆ ಏರುತ್ತದಂತೆ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮಲ್ಲಿ ಅತ್ತೆಯಾದವಳು ಅಳಿಯನ ಎದುರು ಕೂರುವುದಿಲ್ಲ, ಮುಖ ಕೊಟ್ಟು ಮಾತಾಡುವುದಿಲ್ಲ. ಈಗಿನ ಅತ್ತೆಯರು ಅಳಿಯಂದಿರ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುತ್ತಾರೆ, ತೆಗೆಸಿಕೊಳ್ಳಲಿ. ನಾನು ಹಳಬಳು. ಹೇಳುವುದಿದ್ದರೆ ನಡುಮನೆಯ ಕಂಬಕ್ಕೆ ಹೇಳುತ್ತೇನೆ, ಅವರು ಕೇಳಿಸಿಕೊಳ್ಳುತ್ತಾರೆ. ಅವತ್ತೂ ಕಂಬಕ್ಕೇ ಹೇಳಿದೆ:

"ಏ ಕಂಬ, ಅತ್ತೆ ಅನ್ನ ಹಾಕದೆ ಅಳಿಯ ಮರ ಕಡೀತವ್ನೆ ಅಂತ ಊರೋರು ನನ್ನ ಆಡ್ಕಳ್ಳಲ್ವಾ?"

ಅವರು ಬಾಯಿಂದ ಕಿಟಾರಿ ತೆಗೆದು, ಅವರೂ ಕಂಬಕ್ಕೇ ಅಂದರು: "ಕಂಬ, ಹಲ್ಲು ನೋಯ್ತಾ ಇದಾವೆ. ಮರಕ್ಕೆ ತಾಗಿಸಿದ್ರೆ ಸಾಕು ಅಂತ ಅತ್ತೆಯವರಿಗೆ ಹೇಳು. ಯಾವ್ದಾದ್ರೂ ಒಳ್ಳೆ ಮರ ಐತಾ ಕೇಳು."

"ಕಣ್ ಮುಂದೆ ನೀನೇ ನಿಂತಿದೀಯಲ್ಲ ಕಂಬ!" ಅಂದೆ ನಾನು. ಅಂದದ್ದು ನಾನೇ. ಆಮೇಲಿನ ರಾಮಾಯಣಕ್ಕೆಲ್ಲ ಅದೇ ಬೀಜ.

ಈ ಕಂಬದ ಸಮಾಚಾರವೇನೆಂದರೆ, ಅದು ನಮ್ಮದು ಅರ್ಧ ಮಾತ್ರ. ಯಜಮಾನರೂ ಅವರ ಅಣ್ಣನೂ ಮನೆ ಭಾಗ ಮಾಡಿಕೊಂಡಾಗ ನಡುವಿನ ಗೋಡೆ ಸರಿಯಾಗಿ ಕಂಬಕ್ಕೇ ಬಂದು ಸೇರಿತು. ಹಲಸಿನ ಮರದ್ದು, ತಬ್ಬಿದರೆ ಕೈಗೆ ಸಿಗದಷ್ಟು ದಪ್ಪ. ಕಿತ್ತರೆ ಸೂರು ಕೆಳಗೆ. ಹಾಗಾಗಿ ಅದರ ಅರ್ಧ ಮೈ ನಮ್ಮ ಕಡೆ, ಅರ್ಧ ಮೈ ಅವರ ಕಡೆ. ಗೋಡೆ ಎದ್ದ ದಿನ ಅಣ್ಣ ತಮ್ಮ ಮಾತು ಬಿಟ್ಟರು. ಯಜಮಾನರು ತೀರಿಕೊಂಡಾಗ ಭಾವ ಬಂದು ಹೆಗಲು ಕೊಟ್ಟರು. ಆಗಲೂ ತುಟಿ ಬಿಚ್ಚಲಿಲ್ಲ.

ಅಳಿಯಂದಿರು ಕಿಟಾರಿಯ ತಲೆಯನ್ನು ಕಂಬಕ್ಕೆ ಒತ್ತಿ ಹಿಡಿದು ಕೆನ್ನೆಯನ್ನೂ ಕಂಬಕ್ಕೆ ಕೊಟ್ಟು ಒಂದು ತಂತಿ ಮೀಟಿದರು. ಮುಖ ಅರಳಿತು! ಪಕ್ಕದಲ್ಲಿ ನಿಂತ ನನಗೆ ಏನೂ ಕೇಳಿಸಲಿಲ್ಲ. ಅವರು ಅಂಗಡಿಗೆ ಹೋಗುವ ತನಕ ಹಾಗೇ ಕಂಬ ತಬ್ಬಿಕೊಂಡು ಕೂತಿದ್ದರು. ದಿನಾ ಹಾಗೇ ನಡೆಯಿತು. ಎಷ್ಟು ಸುಖ! ಎಮ್ಮೆ ಒದೆಯಲಿಲ್ಲ, ಫ್ಯೂಸು ಹೋಗಲಿಲ್ಲ.

ಆ ಕಡೆಯ ಸುಖ ಮಾತ್ರ ಅವತ್ತಿಗೇ ಮುಗಿಯಿತು. ಭಾವ ಊಟವಾದ ಮೇಲೆ ಅದೇ ಕಂಬಕ್ಕೆ ಬೆನ್ನು ಕೊಟ್ಟು ಕೂರುವವರು. ಮೊದಲು ಅವರು ಹೇಳಿದ್ದು, "ಕಂಬದಾಗೆ ಜೇನು ಕಟ್ಟೈತೆ." ಹಿರೇನಲ್ಲೂರಿನಿಂದ ಜೇನು ಬಿಡಿಸುವವನನ್ನು ಕರೆಸಿ ಹೊಗೆ ಹಾಕಿಸಿದರು. ಜೇನು ಬರಲಿಲ್ಲ, ಕೆಮ್ಮುತ್ತಾ ನನ್ನ ಓರಗಿತ್ತಿ ಹೊರಗೆ ಬಂದಳು. ಆಮೇಲೆ ಅವರ ಧ್ವನಿ ಇಳಿಯಿತು. ಜಗಲಿಯಲ್ಲಿ ಯಾರಿಗೋ ಹೇಳುತ್ತಿದ್ದುದು ನನ್ನ ಕಿವಿಗೂ ಬಿತ್ತು: "ಜೇನಲ್ಲ ಕಣಯ್ಯಾ. ನನ್ ತಮ್ಮ."

ನಾನು ಆಗಲೇ ಹೋಗಿ ಹೇಳಬೇಕಿತ್ತೇ? ಯಾಕೆ ಹೇಳಲಿ? ಬಾಕ್ಸು ಬೇಡ ಅಂದರು, ಬಾಕ್ಸು ಹೋಯಿತು. ಅರ್ಧ ಕಂಬ ನಮ್ಮದು. ನಮ್ಮರ್ಧಕ್ಕೆ ನಾವು ಏನಾದರೂ ಒರಗಿಸಿಕೊಳ್ಳುತ್ತೇವೆ!

ಒಂದು ಅಮಾವಾಸ್ಯೆ ಮಧ್ಯಾಹ್ನ ಭಾವ ಬುಕ್ಕಾಂಬುಧಿ ಕಡೆಯಿಂದ ಒಬ್ಬ ಮಂತ್ರದವನನ್ನು ಕರೆತಂದರು. ಆತ ಅವರ ಅರ್ಧಕ್ಕೆ ಕುಂಕುಮ ಬಳಿದು ನಿಂಬೆಹಣ್ಣು ಕೊಯ್ದು ಗುಡುಗಿದ್ದು ಗೋಡೆ ದಾಟಿ ಕೇಳಿಸಿತು: "ಹೇಳು! ಈ ಜಾಗ ಬಿಟ್ ಹೋಗ್ತೀಯೋ ಇಲ್ವೋ?" ಅದೇ ಗಳಿಗೆಗೆ ನನ್ನ ಮಗಳು ಅಡುಗೆಮನೆಯಿಂದ, "ರೀ, ಮಜ್ಜಿಗೆ ಕುಡುದ್ಬಿಟ್ ಹೋಗ್ರೀ" ಎಂದು ಕೂಗಿದಳು. ಅಳಿಯಂದಿರು ಕಿಟಾರಿ ಕೆಳಗಿಟ್ಟು ಎದ್ದರು. ಕಂಬ ತೆಪ್ಪಗಾಯಿತು. ಮಂತ್ರದವನು ಕಾಯಿ, ಕೋಳಿ, ಪಂಚೆ ಎಲ್ಲ ಕಟ್ಟಿಕೊಂಡ. ಅವನು ಹೊಸಿಲು ದಾಟುವಷ್ಟರಲ್ಲಿ ಇವರು ಮಜ್ಜಿಗೆ ಕುಡಿದು ಬಂದು ಮತ್ತೆ ಮೀಟಿದರು!

ಭಾವ ಓಡಿ ಹೊರಗೆ ಬಂದವರು, ಅದೇನು ಹೊಳೆಯಿತೋ, ನಮ್ಮ ಬಾಗಿಲಲ್ಲಿ ಇಣುಕಿದರು. ಕೆನ್ನೆ ಕಂಬಕ್ಕೆ ಒತ್ತಿ, ಕಣ್ಣು ಮುಚ್ಚಿ, ಬೆರಳು ಓಡಿಸುತ್ತಾ ಕೂತಿದ್ದ ನಮ್ಮ ಅಳಿಯಂದಿರು ಕಂಡರು. ನಾನು ನಕ್ಕುಬಿಟ್ಟೆ. ಭಾವ ನಗಲಿಲ್ಲ. ಮುಖ ಕೆಂಪಾಗಲಿಲ್ಲ, ಬಿಳಿಚಿಕೊಂಡಿತು.

"ಏನಮ್ಮಾ, ಸತ್ತೋರ್ ಹೆಸ್ರಲ್ಲಿ ಆಟ ಆಡ್ತೀರಾ? ಮನೆ ಅಳಿಯನ್ನ ಇಟ್ಕಂಡು ಆಟ ಆಡ್ತೀರಾ?"

"ಸತ್ತೋರ್ ಹೆಸ್ರು ಎತ್ತಿದ್ದು ನೀವು ಭಾವ. ಅವ್ರು ಅವ್ರ ಪಾಡಿಗೆ ತಂತಿ ಮೀಟ್ತಿದ್ರು."

"ಇನ್ನೊಂದ್ಸಲ ಈ ಕಂಬ ಮುಟ್ಲಿ, ಮಿಷಿನ್ ತರ್ಸಿ ಉದ್ದುದ್ದಕ್ಕೆ ಕುಯ್ಸ್ತೀನಿ! ನನ್ನರ್ಧ ನಾನ್ ತಗಂಡ್ ಹೋಯ್ತೀನಿ!"

"ಕುಯ್ಸಿ. ನಿಮ್ಮರ್ಧ ಸೂರು ನಿಮ್ ತಲೆ ಮೇಲೇ ಬೀಳೋದು."

ನಾನು ಸೋಲಲಿಲ್ಲ. ಸೋತದ್ದು ಅಳಿಯಂದಿರು. 'ಮನೆ ಅಳಿಯ' ಎಂಬ ಮಾತು ಅವರಿಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತ್ತು. ಕಿಟಾರಿಯನ್ನು ಕಂಬಳಿಯಲ್ಲಿ ಸುತ್ತಿ ಅಟ್ಟಕ್ಕೆ ಏರಿಸಿದರು. "ಕಂಬ, ನನ್ನಿಂದ ಅತ್ತೆಯವರಿಗೆ ಮಾತು ಬರೋದು ಬೇಡ. ತರೀಕೆರೆಯವರಿಗೆ ಬರಲ್ಲ ಅಂತ ಹೇಳ್ಬಿಡ್ತೀನಿ" ಎಂದು ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದರು. ಆಮೇಲೆ ಊಟಕ್ಕೆ ಬಂದರೆ ತಟ್ಟೆಯ ಅಂಚಿನ ಮೇಲೆ ಕೂಡ ಬೆರಳು ಓಡಿಸಲಿಲ್ಲ. ಗಣಪತಿ ಹಬ್ಬ ಹತ್ತಿರ ಬರುತ್ತಿತ್ತು. ಮಗಳು ಅಟ್ಟ ನೋಡುವಳು, ಗಂಡನ ಮುಖ ನೋಡುವಳು, ನನ್ನ ಮುಖ ನೋಡುವಳು. ನನ್ನ ಮುಖದಲ್ಲಿ ಏನಿದೆ? ಕೋಪ ಇತ್ತು, ಅಷ್ಟೇ. ಭಾವನವರ ಎಮ್ಮೆಯನ್ನು ಕಂಡರೂ ಬೈದು ಬರುತ್ತಿದ್ದೆ.

ಹೀಗಿರುವಾಗ ಒಂದು ಸಂಜೆ ನನ್ನ ಓರಗಿತ್ತಿ ಹಿತ್ತಲ ಬಾಗಿಲಿನಿಂದ ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದಳು. ಎಮ್ಮೆ ಇರುವ ಮನೆಯವಳಿಗೆ ನನ್ನ ಮಜ್ಜಿಗೆ ಯಾಕೆ? ಸುಮ್ಮನೆ ಹೊಯ್ದೆ. ಅವಳು ಬಟ್ಟಲು ಹಿಡಿದುಕೊಂಡು ಅಲ್ಲೇ ನಿಂತಳು.

"ಲೇ, ನಿನ್ ಅಳಿಯ ಬಾರ್ಸೋದು ನಿಲ್ಸೇಬಿಟ್ರೇನೇ?"

"ನಿಮ್ ಯಜಮಾನ್ರೇ ನಿಲ್ಸಿದ್ದಲ್ವಾ ಅಕ್ಕ. ಹೋಗಿ ಅವ್ರನ್ನೇ ಕೇಳು."

"ಅವ್ರನ್ನ ಏನ್ ಕೇಳ್ಲಿ? ಸರ್ಯಾಗಿ ಉಣ್ಣಲ್ಲ. ಬೆಳಿಗ್ಗೆ ಕಾಫಿ ಕುಡಿಯೋಕೆ ಕಂಬದತ್ರ ಕೂತ್ರೆ ಏಳಲ್ಲ. ಅದು ಗುಂಯ್ ಅಂತಿದ್ದಾಗ ದಿನಾ ಅದ್ರ ಜೊತೆ ಮಾತಾಡೋರು ಕಣೇ."

"ಕಂಬದ್ ಜೊತೆ ಏನ್ ಮಾತು?"

"ಏನ್ ಮಾತು! ಎಮ್ಮೆ ಈಯ್ತು ಕಣೋ ತಮ್ಮಾ, ಹೆಣ್ಗರು. ಕೆರೆ ಕೋಡಿ ಬಿತ್ತು, ನೋಡ್ಕಂಡ್ ಬಂದೆ. ತೆಂಗಿಗೆ ಈ ಸಲ ನುಸಿ ಇಲ್ಲ. ಇಂಥವೇ. ಒಂದಿನ, ಗೋಡೆ ಕಟ್ಟೋಕೆ ಮೊದ್ಲು ಇಟ್ಗೆ ಇಟ್ಟೋನು ನಾನೇ ಕಣೋ ಅಂದ್ರು. ಅಂದು ಕಿವಿ ಇಟ್ಕಂಡ್ ಕೂತ್ರು."

ನಾನು ಅವಳ ಬಟ್ಟಲಿಗೆ ಇನ್ನೊಂದು ಸೌಟು ಮಜ್ಜಿಗೆ ಹೊಯ್ದೆ.

"ಮಂತ್ರದೋನ್ನ ಕರ್ಕಂಬಂದಿದ್ದು ನಾನು ಅಳಾಡಿ ಹಟ ಮಾಡಿದ್ದಕ್ಕೆ. ಅವ್ರಿಗೆ ಇಷ್ಟ ಇರ್ಲಿಲ್ಲ. ಅದೆಲ್ಲಿ ನಿಜ್ವಾಗ್ಲೂ ಹೋಗ್ಬಿಡುತ್ತೋ ಅಂತ."

"ಈಗ ಗೊತ್ತಾಯ್ತಲ್ಲ ಅಕ್ಕ, ಅವ್ರ ತಮ್ಮ ಅಲ್ಲ, ನಮ್ ಅಳಿಯ ಅಂತ."

"ಗೊತ್ತು. ಆದ್ರೂ ಕಿವಿ ಇಟ್ಕಂಡೇ ಕೂತಿರ್ತಾರೆ" ಎಂದು ಅವಳು ಮಜ್ಜಿಗೆ ಮುಚ್ಚಿಕೊಂಡು ಹೋದಳು.

ಬದುಕಿದ್ದಾಗ ಗೋಡೆಯ ಆಚೆ ಈಚೆ ಕೂತು ಇಬ್ಬರೂ ಮೂಗು ತಿರುಗಿಸಿಕೊಂಡು ಉಂಡರು. ಆಗ ಆಡಬೇಕಿತ್ತು ಮಾತು. ನನಗೆ ಭಾವನವರ ಮೇಲೆ ಕರುಣೆ ಬಂತು ಎಂದು ಬರೆದರೆ ಅದು ಸುಳ್ಳಾಗುತ್ತದೆ. ಸಿಟ್ಟೇ ಬಂತು. ಆದರೆ ಅವತ್ತು ಸಾರಿಗೆ ಉಪ್ಪು ಹಾಕುವುದನ್ನು ಮರೆತೆ.

ಮಾರನೇ ಬೆಳಿಗ್ಗೆ ಅಟ್ಟಕ್ಕೆ ಏಣಿ ಹಾಕಿ, ಮಗಳು ಬೇಡ ಬೇಡ ಅನ್ನುತ್ತಿದ್ದಂತೆ ನಾನೇ ಹತ್ತಿ ಕಿಟಾರಿ ಇಳಿಸಿದೆ. ಕಂಬಳಿ ಬಿಚ್ಚಿ ಸೆರಗಿನಲ್ಲಿ ಧೂಳು ಒರೆಸಿದೆ. ಅಂಗಡಿಗೆ ಹೊರಟಿದ್ದ ಅಳಿಯಂದಿರ ಕೈಗೆ ಅದನ್ನು ಕೊಟ್ಟು, ಅವರ ಎದುರಿಗೇ ಚಕ್ಕಳಮಕ್ಕಳ ಹಾಕಿ ಕೂತು, ಮುಖ ನೋಡಿಯೇ ಹೇಳಿದೆ:

"ಅಳಿಯಂದ್ರೇ, ಕಂಬಕ್ಕೆ ಗಟ್ಟಿಯಾಗಿ ಒತ್ತಿ ಹಿಡ್ಕಂಡ್ ಬಾರ್ಸಿ. ಆ ಕಡೆಯೋರ್ಗೆ ಕಿವಿ ಸ್ವಲ್ಪ ಮಂದ."